ಒಂದೇ ಬೀಜ, ಒಂದೇ ಮಳೆ: ಇಳುವರಿ ಮಾತ್ರ ಬೇರೆ ಏಕೆ?



ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಕಡೆಯ ಎರೆಹೊಲಗಳಲ್ಲಿ ಸುಗ್ಗಿಯ ಕಾಲಕ್ಕೆ ಒಂದು ಮಾತು ತಪ್ಪದೆ ಕೇಳಿಬರುತ್ತದೆ: "ಒಂದೇ ಚೀಲದ ಬೀಜ ಹಂಚಿಕೊಂಡು ಬಿತ್ತಿದೆವು. ಅವನ ಜೋಳ ತೆನೆ ತೂಗಿತು, ನನ್ನದು ಜೊಳ್ಳಾಯಿತು." ದೂರು ಬೀಜದ ಮೇಲೆ, ಇಲ್ಲವೇ ಮಳೆರಾಯನ ಮೇಲೆ. ನಿಜವಾದ ಕಾರಣ ಬಹಳ ಸಲ ನಿಮ್ಮ ಕಾಲಡಿಯ ಮಣ್ಣಿನಲ್ಲಿದೆ ಎಂದು ನನ್ನ ಅಭಿಪ್ರಾಯ.

ಹಿಂಗಾರಿ ಜೋಳ ಬೆಳೆಯುವುದು ಮುಖ್ಯವಾಗಿ ಭೂಮಿಯಲ್ಲಿ ಕೂಡಿಟ್ಟ ಹಸಿಯ ಮೇಲೆ. ಒಂದು ಅಡಿ ಆಳದ ಎರೆಮಣ್ಣು ಬೆಳೆಗೆ ದಕ್ಕುವ ನೀರನ್ನು ಸುಮಾರು 50 ಮಿ.ಮೀ. ಹಿಡಿದಿಡುತ್ತದೆ. ಮೂರು ಅಡಿ ಆಳದ ಹೊಲದಲ್ಲಿ 150 ಮಿ.ಮೀ. ಇದ್ದರೆ, ಮಣ್ಣು ಕೊಚ್ಚಿಹೋಗಿ ಒಂದೇ ಅಡಿ ಉಳಿದ ಏರಿನಲ್ಲಿ ಅದರ ಮೂರನೆಯ ಒಂದು ಪಾಲು ಮಾತ್ರ. ಕಾಳು ಕಟ್ಟುವ ಹೊತ್ತಿಗೆ ಅಲ್ಲಿ ಹಸಿ ಆರುತ್ತದೆ. ಬುಡ ಕಪ್ಪಾಗಿ ದಂಟು ಬೀಳುವ ಕಾಂಡಕೊಳೆ ರೋಗವೂ ಆಗಲೇ ಹೆಚ್ಚು. 1930ರ ದಶಕದಲ್ಲಿ ಮೊಹೋಳದಲ್ಲಿ ಆಯ್ದ ಎಂ 35-1 ಮಾಲದಂಡಿ ಬರ ತಡೆಯುವ ತಳಿ ನಿಜ. ಇಲ್ಲದ ನೀರನ್ನು ಅದೂ ಹೀರಲಾರದು.

ಆದ್ದರಿಂದ ಬೀಜ ಬದಲಿಸುವ ಮೊದಲು ಬದು ನೋಡಿರಿ. ಮುಂಗಾರಿನಲ್ಲೇ ಚೌಕುಮಡಿ ಹಾಕಿ ಬಿದ್ದ ನೀರನ್ನು ಬಿದ್ದಲ್ಲೇ ಇಂಗಿಸಿರಿ. ಹೆಚ್ಚಾದ ನೀರು ಹೊರಬೀಳಲು ಕೋಡಿ ಬಿಡಿರಿ. ಎರೆಯಲ್ಲಿ ನಿಂತ ನೀರೂ ಬೆಳೆಗೆ ಕೇಡು. ಉಳುಮೆ, ಬಿತ್ತನೆ ಇಳಿಜಾರಿಗೆ ಅಡ್ಡಲಾಗಿರಲಿ. ಉತ್ತರಿ, ಹಸ್ತ ಮಳೆಯ ಹದ ತಪ್ಪಿಸಬೇಡಿರಿ. ಬಿತ್ತುವ ಮುನ್ನ ನಾಲ್ಕಾರು ಕಡೆ ಸಲಾಕೆ ಊರಿ ಹಸಿ ಎಷ್ಟು ಆಳವಿದೆ ನೋಡಿರಿ. ಆಳ ಭೂಮಿಗೆ 45 × 15 ಸೆಂ.ಮೀ. ಅಂತರ ಸರಿ, ತೆಳು ಮಣ್ಣಿನಲ್ಲಿ ಸಸಿ ವಿರಳವಿರಲಿ, ಗೊಬ್ಬರವೂ ಮಿತವಿರಲಿ. ಸಾಲುಗಳ ನಡುವೆ ಎಡೆ ಹೊಡೆದು ಬಿರುಕು ಮುಚ್ಚಿರಿ.

"ಇದಕ್ಕೆಲ್ಲ ಆಳು ಎಲ್ಲಿ?" ಎಂದು ನೀವು ಕೇಳುವುದು ನ್ಯಾಯವೇ. ಇಡೀ ಹೊಲಕ್ಕೆ ಆಗದಿದ್ದರೆ ಏರಿನ ಒಂದು ಎಕರೆಯಿಂದ ಆರಂಭಿಸಿರಿ. ನಮ್ಮಂಥ ಸಲಹೆಗಾರರೂ ಒಂದು ಮಾತು ಒಪ್ಪಬೇಕು: ಇಡೀ ತಾಲೂಕಿಗೆ ಒಂದೇ ಶಿಫಾರಸು ಹೇಳಿ ಕೈತೊಳೆದುಕೊಳ್ಳುವುದು ತಪ್ಪು. ಎರೆಗೆ ಹೇಳಿದ್ದು ಮಸಾರಿಗೆ ಹೊಂದದು.

ಬೀಜವನ್ನು ಪ್ರತಿ ವರ್ಷ ಕೊಳ್ಳಬಹುದು. ಹರಿದುಹೋದ ಮಣ್ಣನ್ನು ಕೊಳ್ಳಲು ಯಾವ ಅಂಗಡಿಯೂ ಇಲ್ಲ.