ಗ್ಯಾರೇಜಿನಲ್ಲಿದ್ದ ಕಾರುಗಳೆಲ್ಲ ಎಲ್ಲಿ ಹೋದವು?

ಕಳೆದ ತಿಂಗಳು ಒಂದು ಶುಕ್ರವಾರ ರಾತ್ರಿ ಪುಣೆಯಿಂದ ಅಕ್ಕನ ಮನೆಗೆ ಹೋಗಿದ್ದೆ. ಅಕ್ಕ, ಭಾವ ಇರುವುದು ಛತ್ರಪತಿ ಸಂಭಾಜಿನಗರದಲ್ಲಿ. (ನನ್ನ ಬಾಯಲ್ಲಿ ಇನ್ನೂ ಔರಂಗಾಬಾದ್ ಅಂತಲೇ ಬರುತ್ತದೆ.) ಬೆಳಗಾದರೆ ಶನಿವಾರ, ಹಾಗಾಗಿ ಖುಲ್ತಾಬಾದಿನ ಭದ್ರಾ ಮಾರುತಿ ದರ್ಶನಕ್ಕೆ ಹೊರಟೆವು. ಮಲಗಿರುವ ಹನುಮಂತನ ಗುಡಿ ಅದು, ಊರಿನಿಂದ ಸುಮಾರು 25 ಕಿಲೋಮೀಟರ್. ದೌಲತಾಬಾದ್ ಕೋಟೆ ದಾಟಿ ಘಾಟಿ ಹತ್ತುವಾಗ ಹಿಂದಿನ ಸೀಟಿನಲ್ಲಿದ್ದ ಅಕ್ಕನ ಮಗ ಮುಖ ಊದಿಸಿಕೊಂಡಿದ್ದ. ಒಂಬತ್ತನೇ ಕ್ಲಾಸು. ಏನೋ ಅಂದೆ.

"ಮಾಮ, ನನ್ನ ಕಾರೆಲ್ಲ ಹೋಯ್ತು."

ಹಳೇ ಫೋನಿನ ಸ್ಕ್ರೀನ್ ಒಡೆದು ಹೊಸದು ಬಂದಿತ್ತು. ಹೊಸ ಫೋನಿನಲ್ಲಿ ರೇಸಿಂಗ್ ಆಟ ಹಾಕಿಕೊಂಡರೆ ಆಟ ಮೊದಲಿನಿಂದ ಶುರು. ಎರಡು ವರ್ಷ ಕೂಡಿಸಿದ ಕಾರುಗಳಿದ್ದ ಗ್ಯಾರೇಜ್ ಖಾಲಿ. ಹುಟ್ಟುಹಬ್ಬಕ್ಕೆ ಅಜ್ಜಿ ಕೊಟ್ಟ ದುಡ್ಡಿನಲ್ಲಿ 449 ರೂಪಾಯಿಗೆ ಕೊಂಡಿದ್ದ ಕೆಂಪು ಕಾರೂ ಇಲ್ಲ. "ಲಾಗಿನ್ ಹೇಗೆ ಮಾಡಿದ್ದೆ?" ಎಂದು ಕೇಳಿದೆ. "ಗೆಸ್ಟ್" ಅಂದ. ಅರ್ಧ ಕಥೆ ಅಲ್ಲೇ ಗೊತ್ತಾಯಿತು.

ಈ ಅಂಕಣಕ್ಕೆ ಬರುವ ಮೇಲ್‌ಗಳಲ್ಲೂ ಅಪ್ಪ ಅಮ್ಮಂದಿರು ಹೆಚ್ಚಾಗಿ ಕೇಳುವುದು ಇದನ್ನೇ. ಗೆಸ್ಟ್ ಆಗಿ ಆಡುವಾಗ ಕಂಪನಿಯ ಸರ್ವರ್‌ಗೆ ನಿಮ್ಮ ಮಗುವಿನ ಹೆಸರು ಗೊತ್ತಿರುವುದಿಲ್ಲ. ಅದು ಆ ಫೋನಿಗೆ ಒಂದು ಗುರುತು ಕೊಟ್ಟು, ಆ ಗುರುತಿನ ಕೆಳಗೆ ಕಾರು, ನಾಣ್ಯ ಎಲ್ಲ ಬರೆದಿಟ್ಟುಕೊಳ್ಳುತ್ತದೆ. ಫೋನ್ ಹೋದರೆ ಗುರುತು ಹೋಯಿತು. ಕಾರುಗಳು ಸರ್ವರ್‌ನಲ್ಲಿ ಇದ್ದೇ ಇರಬಹುದು, ಆದರೆ ಕೇಳಲು ಬಂದವರು ನೀವೇ ಎಂದು ಹೇಳುವ ದಾರಿ ಇಲ್ಲ. ಸೆಟ್ಟಿಂಗ್ಸ್‌ಗೆ ಹೋಗಿ ಗೂಗಲ್ ಅಥವಾ ಆಪಲ್ ಖಾತೆಗೆ ಆಟವನ್ನು ಜೋಡಿಸಲು ಎರಡು ನಿಮಿಷ ಸಾಕು. ಜೊತೆಗೆ ಪ್ಲೇಯರ್ ಐಡಿ ಇರುವ ಪುಟದ ಒಂದು ಸ್ಕ್ರೀನ್‌ಶಾಟ್ ತೆಗೆದು ಅಮ್ಮನ ಫೋನಿಗೆ ಕಳಿಸಿಟ್ಟರೆ ಇನ್ನೂ ಒಳ್ಳೆಯದು.

ಗುಡಿಯ ಸಾಲು ಉದ್ದವಿತ್ತು. ಹುಡುಗ ತನ್ನ ಗೆಳೆಯರ ಪ್ರಶ್ನೆಗಳನ್ನೂ ಹೊರಗೆ ತೆಗೆದ. "ಗೆರೆ ಮೊದಲು ದಾಟಿದ್ದು ನಾನೇ, ಆಮೇಲೆ ಸೆಕೆಂಡ್ ಅಂತ ತೋರಿಸುತ್ತೆ. ಮೋಸ ಅಲ್ವಾ?"

ಮೋಸ ಇರಲಾರದು. ಉಳಿದವರ ಕಾರು ಎಲ್ಲಿದೆ ಎಂಬ ಸುದ್ದಿ ಸರ್ವರ್‌ನಿಂದ ತಡವಾಗಿ ಬರುತ್ತದೆ. ಅಲ್ಲಿಯವರೆಗೆ ನಿಮ್ಮ ಫೋನ್ ಹಳೇ ವೇಗ, ದಿಕ್ಕು ನೋಡಿ ಅಂದಾಜಿನಲ್ಲಿ ಆ ಕಾರನ್ನು ಚಿತ್ರಿಸುತ್ತಿರುತ್ತದೆ. ಆಟದಲ್ಲಿ ಗಂಟೆಗೆ 200 ಕಿಲೋಮೀಟರ್ ವೇಗ ಎಂದರೆ ಸೆಕೆಂಡಿಗೆ ಸುಮಾರು 55 ಮೀಟರ್. ಸುದ್ದಿ 100 ಮಿಲಿಸೆಕೆಂಡ್ ತಡವಾದರೆ ಐದೂವರೆ ಮೀಟರ್ ವ್ಯತ್ಯಾಸ, ಒಂದು ಕಾರಿನ ಉದ್ದಕ್ಕಿಂತ ಹೆಚ್ಚು! ಸರ್ವರ್ ಮುಂಬೈಯಲ್ಲಿದ್ದರೆ ಪರವಾಗಿಲ್ಲ. ಸಿಂಗಾಪುರದಲ್ಲಿದ್ದರೆ ಮುಂಬೈಯಿಂದ ಹೋಗಿ ಬರಲು ಫೈಬರ್‌ನೊಳಗಿನ ಬೆಳಕಿಗೇ 40 ಮಿಲಿಸೆಕೆಂಡ್ ಆಸುಪಾಸು ಬೇಕು. ಮನೆಗೆ 300 ಎಂಬಿಪಿಎಸ್ ಹಾಕಿಸಿದರೂ ಆ ದೂರ ಕಡಿಮೆಯಾಗುವುದಿಲ್ಲ. ಆಟದಲ್ಲಿ ಸರ್ವರ್ ಆರಿಸುವ ಅವಕಾಶವಿದ್ದರೆ ಹತ್ತಿರದ್ದನ್ನು ಆರಿಸಿ, ಆಡುವಾಗ ಮನೆಯ ಬೇರೆ ಡೌನ್‌ಲೋಡ್‌ಗಳನ್ನು ನಿಲ್ಲಿಸಿ.

ದರ್ಶನ ಮುಗಿಸಿ ಚಹಾ ಕುಡಿಯುವಾಗ ಭಾವ ಕೇಳಿದರು, "ಅಲ್ಲಪ್ಪ, ದುಡ್ಡು ಕೊಟ್ಟು ತಗೊಂಡ ಮೇಲೆ ಆ ಕಾರು ಇವನದಲ್ವಾ?" ಅವರು ಶೇಂದ್ರಾದಲ್ಲಿ ಕಾರಿನ ಬಿಡಿಭಾಗದ ಕೆಲಸದಲ್ಲಿದ್ದಾರೆ, ಮಾರಿದ ಮಾಲು ಮಾರಿದ್ದೇ ಎಂಬ ಲೆಕ್ಕ ಅವರದು.

ಅಲ್ಲ ಭಾವ ಅಂದೆ. 'ಒಪ್ಪಿದೆ' ಎಂದು ಒತ್ತುವ ಆ ಉದ್ದದ ಪುಟದಲ್ಲಿ ಕೊಡುವುದು ಬಳಸುವ ಪರವಾನಗಿ ಅಷ್ಟೇ. ಯೂಬಿಸಾಫ್ಟ್‌ನ 'ದಿ ಕ್ರೂ' ಎಂಬ ರೇಸಿಂಗ್ ಆಟ 2014ರ ಡಿಸೆಂಬರ್‌ನಲ್ಲಿ ಬಂತು. ಒಬ್ಬರೇ ಆಡಿದರೂ ಇಂಟರ್ನೆಟ್ ಬೇಕಾದ ಆಟ. 2024ರ ಮಾರ್ಚ್ 31ಕ್ಕೆ ಸರ್ವರ್ ನಿಲ್ಲಿಸಿದರು. ಅಂಗಡಿಯಲ್ಲಿ ಪೂರ್ತಿ ಬೆಲೆ ಕೊಟ್ಟವರ ಕೈಯಲ್ಲಿ ಡಿಸ್ಕ್ ಉಳಿಯಿತು, ಆಟ ಉಳಿಯಲಿಲ್ಲ. ರಾಸ್ ಸ್ಕಾಟ್ ಎಂಬ ಯೂಟ್ಯೂಬರ್ 'ಸ್ಟಾಪ್ ಕಿಲ್ಲಿಂಗ್ ಗೇಮ್ಸ್' ಚಳವಳಿ ಶುರು ಮಾಡಿದ್ದು ಇದೇ ಸಿಟ್ಟಿನಿಂದ. 2025ರಲ್ಲಿ ಯುರೋಪಿನಲ್ಲಿ ಆ ಮನವಿಗೆ ಹತ್ತು ಲಕ್ಷಕ್ಕೂ ಹೆಚ್ಚು ಸಹಿ ಬಿದ್ದವು. ಅದೇ ವರ್ಷ ಕಂಪನಿ 'ದಿ ಕ್ರೂ 2'ಕ್ಕೆ ಇಂಟರ್ನೆಟ್ ಇಲ್ಲದೆ ಆಡುವ ದಾರಿ ಮಾಡಿಕೊಟ್ಟಿತು. ಕೂಗಿದರೆ ಕೇಳುತ್ತಾರೆ ಅಂತಾಯಿತು. ಎಲ್ಲರೂ ಹಾಗೇ ಎನ್ನಲೂ ಬರುವುದಿಲ್ಲ: 'ಫೋರ್ಜಾ ಹರೈಸನ್ 4' ಮಾರಾಟವನ್ನು 2024ರ ಡಿಸೆಂಬರ್ 15ಕ್ಕೆ ನಿಲ್ಲಿಸಿದರೂ ಮೊದಲೇ ಕೊಂಡವರಿಗೆ ಆಡಲು ಬಿಟ್ಟರು.

"ಹಂಗಾದ್ರೆ ನಾವೇ ವಾಸಿ. ಕಾರು ಮಾರಿ ವಾಪಸ್ ಕೇಳಲ್ಲ" ಅಂದರು ಭಾವ.

ಹೊಸ ಕಾನೂನು ಬಂತಲ್ಲ, ಈ ಆಟಗಳೂ ಬಂದಾದವೇ ಎಂದು ಅಕ್ಕನ ಅನುಮಾನ. 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿದ ಕಾನೂನು ನಿಷೇಧಿಸಿದ್ದು ಹಣ ಕಟ್ಟಿ ಹಣ ಗೆಲ್ಲುವ ಆಟಗಳನ್ನು. 'ಈ ರೇಸಿಗೆ 50 ರೂಪಾಯಿ ಹಾಕು, ಗೆದ್ದರೆ 200' ಅನ್ನುವ ಆ್ಯಪ್ ಕಂಡರೆ ಆ ಕ್ಷಣವೇ ತೆಗೆಸಿ.

ಅಲ್ಲಿಂದ ವೇರುಳಕ್ಕೆ ಇಳಿದು ಕೈಲಾಸ ದೇವಾಲಯ ನೋಡಿದೆವು, ನಮ್ಮ ರಾಷ್ಟ್ರಕೂಟರ ಒಂದನೇ ಕೃಷ್ಣನ ಕಾಲದ್ದು. ರಸ್ತೆಯ ಬೋರ್ಡಿನಲ್ಲಿ 'ಕನ್ನಡ' ಎಂದು ಮರಾಠಿಯಲ್ಲಿ ಬರೆದಿತ್ತು, ಅದು ಮುಂದಿನ ತಾಲೂಕಿನ ಹೆಸರು. ಭಾವ ಅದರ ಪಕ್ಕದಲ್ಲಿ ನಿಲ್ಲಿಸಿ ಫೋಟೋ ತೆಗೆದೇ ಬಿಟ್ಟರು.

ರಾತ್ರಿ ಮನೆಗೆ ಬಂದು ಆಟದ ಕಂಪನಿಗೆ ಮೇಲ್ ಬರೆಯಲು ಕೂತೆವು. ಅಕ್ಕನ ಇನ್‌ಬಾಕ್ಸ್‌ನಲ್ಲಿ ಕೆಂಪು ಕಾರಿನ ರಸೀದಿ ಸಿಕ್ಕಿತು, ಜಿಪಿಎ ಎಂದು ಶುರುವಾಗುವ ಗೂಗಲ್ ಪ್ಲೇ ಆರ್ಡರ್ ಸಂಖ್ಯೆ ಸಮೇತ. ಅದು, ಹಳೇ ಫೋನಿನ ಮಾಡೆಲ್, ಕೊನೆಗೆ ಆಡಿದ ದಿನ, ಆಟದೊಳಗಿನ ಅಡ್ಡಹೆಸರು ಎಲ್ಲ ಬರೆದು ಕಳಿಸಿದೆವು. ಒಂಬತ್ತು ದಿನ ಸುದ್ದಿಯಿಲ್ಲ. ಹತ್ತನೇ ದಿನ ಹುಡುಗನ ಫೋನ್ ಬಂತು.

"ಮಾಮ, ಕೆಂಪು ಕಾರು ವಾಪಸ್ ಕೊಟ್ರು. ಆಡಿ ಗೆದ್ದಿದ್ದು ಒಂದೂ ಬರಲಿಲ್ಲ."

"ಈಗ ಯಾವ ಖಾತೆಗೆ ಜೋಡಿಸಿದ್ದೀಯ?"

"ಅಮ್ಮಂದು. ಅವಳು ಪಾಸ್‌ವರ್ಡ್ ಹೇಳಲ್ಲ ಅಂತಾಳೆ."