ಮಕ್ಕಳು ಅಡ್ಜಸ್ಟ್ ಆಗಲ್ಲ ಸ್ವಾಮಿ!

‘ಡಿಸೆಂಬರಲ್ಲಿ ಯೂರೋಪಾ? ಕಾರಲ್ಲೇ? ಸೂಪರ್ ಗುರೂ! ಮಕ್ಕಳೇನು, ಅಡ್ಜಸ್ಟ್ ಆಗ್ತಾರೆ ಬಿಡು’ ಅಂದವರನ್ನೆಲ್ಲ ಈಗ ಹುಡುಕುತ್ತಿದ್ದೇನೆ.

ಎಂಟು ದಿನಕ್ಕೆ ನಾಲ್ಕು ದೇಶ ಅಂತ ಎಕ್ಸೆಲ್ ಶೀಟ್ ಮಾಡಿದವನು ನಾನೇ, ಒಪ್ಪಿಕೊಳ್ತೀನಿ. ಮ್ಯೂನಿಕ್‌ನಲ್ಲಿ ಮೊದಲ ದಿನವೇ ಅದು ಕೈಕೊಟ್ಟಿತು. ಡಿಸೆಂಬರಿನಲ್ಲಿ ಅಲ್ಲಿ ಸೂರ್ಯ ಹುಟ್ಟುವುದು ಎಂಟಕ್ಕೆ, ಮುಳುಗುವುದು ನಾಲ್ಕೂಕಾಲರ ಸುಮಾರಿಗೆ. ಇಬ್ಬರಿಗೂ ಥರ್ಮಲ್, ಸ್ವೆಟರ್, ಗ್ಲೌಸ್, ಬೂಟು ತೊಡಿಸಿ ಹೊರಡುವಷ್ಟರಲ್ಲಿ ಹತ್ತು ಗಂಟೆ. ಉಳಿದ ಬೆಳಕಿನಲ್ಲಿ ಸಾಲ್ಜ್‌ಬರ್ಗ್, ಹಾಲ್‌ಸ್ಟಾಟ್ ಎರಡೂ ಮುಗಿಸಬೇಕಂತೆ!

ಆ ಅವಸರದಲ್ಲಿ ದಪ್ಪ ಜಾಕೆಟ್ ಮೇಲೇ ಚೈಲ್ಡ್ ಸೀಟಿನ ಬೆಲ್ಟ್ ಬಿಗಿದಿದ್ದೆ. ಕಣ್ಣಿಗೆ ಬಿಗಿ, ಡಿಕ್ಕಿಯಾದರೆ ಜಾಕೆಟ್ ಅಮುಕಿಕೊಂಡು ಬೆಲ್ಟ್ ಸಡಿಲ. ಜಾಕೆಟ್ ಬಿಚ್ಚಿಸಿ, ಬೆಲ್ಟ್ ಬಿಗಿದು, ಮೇಲೆ ಹೊದಿಕೆ ಹೊದಿಸಬೇಕು. ಪೆಟ್ರೋಲ್ ಬಂಕಿನಲ್ಲಿ ಒಬ್ಬ ಅಜ್ಜಿ ಇದನ್ನು ತೋರಿಸಿಕೊಟ್ಟಾಗ ತಲೆ ತಗ್ಗಿಸಿದೆ.

ಆಸ್ಟ್ರಿಯಾದಲ್ಲಿ 14 ವರ್ಷ ತುಂಬದ, 135 ಸೆಂ.ಮೀ. ಎತ್ತರ ಮುಟ್ಟದ ಮಕ್ಕಳಿಗೆ ಚೈಲ್ಡ್ ಸೀಟ್ ಕಡ್ಡಾಯ. ನವೆಂಬರ್ 1ರಿಂದ ಏಪ್ರಿಲ್ 15ರವರೆಗೆ, ರಸ್ತೆಯಲ್ಲಿ ಹಿಮವಿದ್ದರೆ ವಿಂಟರ್ ಟೈರ್ ಬೇಕೇ ಬೇಕು. ಮಗುವನ್ನು ತೊಡೆ ಮೇಲೆ ಕೂರಿಸಿಕೊಂಡು ಮೈಸೂರಿಗೆ ಹೋಗಿಬರೋ ನಮಗೆ ಇದೆಲ್ಲ ‘ಓವರ್’ ಅನ್ನಿಸುತ್ತೆ. ಓವರ್ ಆಗಿರೋದು ನಮ್ಮ ಧೈರ್ಯ.

ಮೂರನೇ ದಿನ ಶೀಟ್ ಡಿಲೀಟ್ ಮಾಡಿ ಇನ್ಸ್‌ಬ್ರುಕ್‌ನಲ್ಲೇ ಉಳಿದೆವು. ಮಗಳು ಪಾರ್ಕಿಂಗ್ ಜಾಗದ ಹಿಮದಲ್ಲಿ ಗಂಟೆಗಟ್ಟಲೆ ಆಡಿದಳು. ನಾಲ್ಕು ದೇಶ ಬೇಕಾಗಿದ್ದದ್ದು ಅವಳಿಗಲ್ಲ, ನನ್ನ ಇನ್‌ಸ್ಟಾಗ್ರಾಮಿಗೆ. ನಿಮ್ಮ ಶೀಟಲ್ಲಿ ಎಷ್ಟು ದೇಶ ಇದೆ? ಅರ್ಧ ಅಳಿಸಿ, ಆಮೇಲೆ ಟಿಕೆಟ್ ಬುಕ್ ಮಾಡಿ.