ಕೋಟಿಯ ಕಾರು, ಡೋಣಿಯ ಎರೆ

ಕಳೆದ ಮಳೆಗಾಲದ ಒಂದು ಭಾನುವಾರ ನಾವು ಪಕ್ಷದ ಕೆಲಸದ ಮೇಲೆ ಡೋಣಿಗೆ ಹೋಗಿದ್ದೆವು. ಕಪ್ಪತಗುಡ್ಡದ ಮಗ್ಗುಲಿನ ಈ ಊರಿಗೆ ಹಸಿರು ನೋಡಲೆಂದು ಪಟ್ಟಣಗಳಿಂದ ಜನ ಬರುವುದು ಈಗ ವಾಡಿಕೆಯಾಗಿದೆ. ಬರಲಿ, ಗುಡ್ಡ ಎಲ್ಲರದು. ಆದರೆ ಅಂದು ಬಂದಿದ್ದ ಭಾರೀ ಮೋಟಾರಿನ ಒಡೆಯರು ಹಸಿರು ನೋಡಲು ಬಂದವರಲ್ಲ. ಎಸ್‌ಯುವಿ ಎಂದು ಕರೆಸಿಕೊಳ್ಳುವ, ಕೋಟಿ ರೂಪಾಯಿಗೂ ಮೀರಿದ ತಮ್ಮ ಗಾಡಿಗೆ ಡಾಂಬರು ಬಿಟ್ಟ ನೆಲದಲ್ಲಿ ಎಷ್ಟು ಸಾಮರ್ಥ್ಯವಿದೆ ಎಂದು ಪರೀಕ್ಷಿಸಲು ಬಂದವರು.

ಕಲ್ಲು ಗರಸಿನ ಏರನ್ನು ಗಾಡಿ ಸಲೀಸಾಗಿ ಹತ್ತಿತು. ಇಳಿದು ಬಂದು ಹೊಲದ ದಾರಿಗೆ ತಿರುಗಿತು. ಇಪ್ಪತ್ತು ಮಾರು ಹೋಗುವಷ್ಟರಲ್ಲಿ ನಾಲ್ಕೂ ಗಾಲಿಗಳು ಎರೆಮಣ್ಣಿನ ಮುದ್ದೆಗಳಾದವು. ಎಂಜಿನ್ನು ಗರ್ಜಿಸಿತು, ಗಾಲಿ ತಿರುಗಿದವು, ಗಾಡಿ ಮಾತ್ರ ಕದಲಲಿಲ್ಲ. ಕಡೆಗೆ ಊರಿನ ಒಂದು ಟ್ರ್ಯಾಕ್ಟರು ಬಂದು ಎಳೆದು ಹಾಕಿತು. ಅದನ್ನು ತಂದ ರೈತ ಹಗ್ಗ ಬಿಚ್ಚುತ್ತ ಇಷ್ಟೇ ಹೇಳಿದ: “ಸಾಹೇಬ್ರ, ಇದು ಎರಿ ನೆಲ. ಒಣಗೂ ತನಕ ನಾವೂ ಚಕ್ಕಡಿ ಹೂಡೂದಿಲ್ರಿ.”

ನಾವು ಇದನ್ನು ನಗೆಗಾಗಿ ಬರೆಯುತ್ತಿಲ್ಲ. ಗಾಡಿಯ ಮೇಲೆ ನಮಗೆ ಹಗೆಯೂ ಇಲ್ಲ. ಎಂಜಿನಿಯರುಗಳ ಬುದ್ಧಿಗೆ, ಕಾರ್ಮಿಕರ ಕೈಗೆ ಸಲ್ಲಬೇಕಾದ ಗೌರವ ಸಲ್ಲಲೇಬೇಕು. ಈ ಜಾತಿಯ ಮೋಟಾರುಗಳಲ್ಲಿ ಹೆಸರಾದ ಲ್ಯಾಂಡ್ ರೋವರ್ ಡಿಫೆಂಡರ್‌ನ ದೊಡ್ಡ ಮಾದರಿ ಗಾಳಿಯ ಸ್ಪ್ರಿಂಗುಗಳ ಮೇಲೆ ಎದ್ದು ನಿಂತರೆ ಅದರ ತಳ ನೆಲದಿಂದ 291 ಮಿಲಿಮೀಟರ್ ಎತ್ತರದಲ್ಲಿರುತ್ತದೆ. 900 ಮಿಲಿಮೀಟರ್ ಆಳದ ನೀರನ್ನು ಅದು ಹಾಯಬಲ್ಲದು. ಒಂದು ಗಾಲಿ ಹಿಡಿತ ತಪ್ಪಿದರೆ ಬಲವನ್ನು ಇನ್ನೊಂದಕ್ಕೆ ಹಂಚುವ ಯಂತ್ರ ಅದರ ಹೊಟ್ಟೆಯಲ್ಲಿದೆ. ಆದರೆ ಒದ್ದೆಯಾದೊಡನೆ ಉಬ್ಬಿ ಅಂಟಾಗುವ ಎರೆಮಣ್ಣು ಟಾಯರಿನ ಕಚ್ಚುಗಳನ್ನೆಲ್ಲ ತುಂಬಿ ನುಣ್ಣಗೆ ಮಾಡಿದ ಮೇಲೆ ಬಲವನ್ನು ಯಾವ ಗಾಲಿಗೆ ಹಂಚಿದರೇನು? ಕಟ್ಟಿಗೆಯ ಗಾಲಿಯ ನಮ್ಮ ಹಳೆಯ ಚಕ್ಕಡಿಯ ಅಚ್ಚು ನೆಲದಿಂದ ಸುಮಾರು ಎರಡಡಿ ಎತ್ತರವಿತ್ತು, ಅಂದರೆ ಈ ಕೋಟಿಯ ಕಾರಿನ ಎರಡರಷ್ಟು. ಅದನ್ನು ಮಾಡಿದ ಬಡಿಗನಿಗೆ ನೆಲ ಗೊತ್ತಿತ್ತು.

ಈ ಮೋಟಾರಿನ ವಂಶಾವಳಿಯನ್ನು ಒಮ್ಮೆ ನೆನೆಯೋಣ. 1941ರ ಹೊತ್ತಿಗೆ ಯುದ್ಧದ ಕೆಲಸಕ್ಕೆಂದು ಅಮೆರಿಕದಲ್ಲಿ ಜೀಪು ತಯಾರಾಯಿತು. 1948ರಲ್ಲಿ ಇಂಗ್ಲೆಂಡಿನ ರೋವರ್ ಕಂಪನಿ ಲ್ಯಾಂಡ್ ರೋವರನ್ನು ಹೊರತಂದದ್ದು ಮುಖ್ಯವಾಗಿ ರೈತರಿಗಾಗಿ. ಯುದ್ಧದ ನಂತರ ಉಕ್ಕಿಗೆ ಬರಗಾಲವಿದ್ದುದರಿಂದ ಮೈಗೆ ಅಲ್ಯೂಮಿನಿಯಂ ತಗಡು ಹಾಕಿದರು. ಕಣದ ಯಂತ್ರ ತಿರುಗಿಸಲು ಎಂಜಿನ್ನಿನಿಂದ ಬಲ ತೆಗೆಯುವ ಅನುಕೂಲ ಇಟ್ಟರು. ನಮ್ಮಲ್ಲಿಯೂ 1947ರ ನಂತರ ಮಹೀಂದ್ರಾ ಜೋಡಿಸಿದ ಜೀಪುಗಳು ಹಳ್ಳಿ ಹಳ್ಳಿ ಸುತ್ತಿ ದುಡಿದವು. ಹುಟ್ಟಿನಿಂದ ಇದು ಶ್ರಮಜೀವಿಯ ವಾಹನ. 2008ರಲ್ಲಿ ಲ್ಯಾಂಡ್ ರೋವರ್ ಟಾಟಾ ಮನೆತನದ ಪಾಲಾಯಿತು, ದೇಶಕ್ಕೆ ಕೀರ್ತಿ ಬಂತೆಂದು ಪತ್ರಿಕೆಗಳು ಹೊಗಳಿದವು. ಆದರೆ ರೈತನಿಗಾಗಿ ಹುಟ್ಟಿದ ಗಾಡಿ ರೈತನ ಹೊಲಕ್ಕೆ ಈಗ ಆಟವಾಡಲು ಬರುತ್ತದೆ!

ಸಾಮರ್ಥ್ಯದ ಮಾತು ಬಂದದ್ದರಿಂದ ಕೇಳುತ್ತೇವೆ: ಅದನ್ನು ದಿನವೂ ತೋರಿಸುತ್ತಿರುವವರು ಯಾರು? ಕೊಡಚಾದ್ರಿಯ ಕೊರಕಲು ದಾರಿಯಲ್ಲಿ ಪ್ರವಾಸಿಗರನ್ನು ತುಂಬಿಕೊಂಡು ಹತ್ತಿ ಇಳಿಯುವ ಜೀಪಿನ ಚಾಲಕರನ್ನು ನೋಡಿರಿ. ಮಡಿಕೇರಿಯ ಬಳಿ ಮಾಂದಲಪಟ್ಟಿಗೆ ಜನರನ್ನು ಒಯ್ಯುವವರನ್ನು ನೋಡಿರಿ. ಅವರ ಕಾಲಡಿ ಗಾಳಿಯ ಸ್ಪ್ರಿಂಗಿಲ್ಲ, ಕಣ್ಣ ಮುಂದೆ ಬೆಳಗುವ ಪರದೆಯಿಲ್ಲ. ಇರುವುದು ಕೈಯ ಹದ, ಮತ್ತು ಸಂಜೆ ಮನೆಗೆ ಅಕ್ಕಿ ಒಯ್ಯಬೇಕಾದ ಜವಾಬ್ದಾರಿ. ನಮ್ಮ ಮುಂಡರಗಿ ಸೀಮೆಯಲ್ಲಿ ತಗ್ಗು ಬಿದ್ದ ದಾರಿಯ ಮೇಲೆ ಸಂತೆಯ ಗಂಟುಮೂಟೆ ಹೇರಿಕೊಂಡು ಓಡುವ ಟಂಟಂ ಗಾಡಿಯ ಸಾಮರ್ಥ್ಯವನ್ನು ಯಾವ ಪತ್ರಿಕೆ ಅಳೆದು ಬರೆದಿದೆ? ಒಬ್ಬನಿಗೆ ಕೆಟ್ಟ ದಾರಿ ಭಾನುವಾರದ ಒಂದು ತಾಸಿನ ಆಟ, ಇನ್ನೊಬ್ಬನಿಗೆ ಅದು ವಾರದ ಏಳೂ ದಿನದ ಬದುಕು.

ಕೆಟ್ಟ ದಾರಿಯ ಪೆಟ್ಟು ರೈತನೊಬ್ಬನಿಗೇ ಬೀಳುತ್ತದೆಂದು ಪೇಟೆಯ ಬಂಧುಗಳು ತಿಳಿಯಬಾರದು. ಮಳೆ ಹಿಡಿದಾಗ ಕಿತ್ತ ಉಳ್ಳಾಗಡ್ಡಿ ಹೊಲದಲ್ಲೇ ಕೊಳೆತರೆ ಗದಗಿನ ಮಾರುಕಟ್ಟೆಯಲ್ಲಿ ಹಮಾಲನಿಗೆ ಕೂಲಿ ಇಲ್ಲ. ಬಿಡಿಸಿದ ಹತ್ತಿ ದಾರಿ ಸಿಗದೆ ನೆನೆದರೆ ಜಿನ್ನಿಂಗ್ ಗಿರಣಿಯ ಕಾರ್ಮಿಕನಿಗೆ ಪಾಳಿ ಇಲ್ಲ. ರೈತನ ಕೈಯಲ್ಲಿ ರೊಕ್ಕ ಆಡದಿದ್ದರೆ ಸಣ್ಣ ಅಂಗಡಿಕಾರನ ಉದ್ರಿ ವಸೂಲಾಗುವುದಿಲ್ಲ, ಬೆಟಗೇರಿಯ ನೇಕಾರನ ಸೀರೆ ಗಂಟಿನಿಂದ ಹೊರಬರುವುದಿಲ್ಲ. ಹೊಲದ ದಾರಿ ಕೊನೆಗೆ ಮುಟ್ಟುವುದು ಪೇಟೆಯ ಗಲ್ಲೆಪೆಟ್ಟಿಗೆಗೇ.

ಇನ್ನು ಸರಕಾರದ ಲೆಕ್ಕ ನೋಡೋಣ. 2025ರ ಸೆಪ್ಟೆಂಬರ್ 22ರ ಮೊದಲು ಇಂಥ ಭಾರೀ ಕಾರುಗಳ ಮೇಲೆ ಜಿಎಸ್‌ಟಿ ಮತ್ತು ಸೆಸ್ ಕೂಡಿ ನೂರಕ್ಕೆ 50ರ ತೆರಿಗೆಯಿತ್ತು. ಅಂದಿನಿಂದ ಅದು 40ಕ್ಕೆ ಇಳಿಯಿತು. ತೆರಿಗೆ ಬಿಟ್ಟು ಒಂದು ಕೋಟಿ ರೂಪಾಯಿ ಬೆಲೆಯ ಗಾಡಿ ಕೊಳ್ಳುವವನಿಗೆ ಇದರಿಂದ 10 ಲಕ್ಷ ರೂಪಾಯಿ ಉಳಿಯಿತು. ಅದೇ ದಿನ ಸೈಕಲ್ಲಿನ ತೆರಿಗೆ 12ರಿಂದ 5ಕ್ಕೆ ಇಳಿಯಿತು: 5,000 ರೂಪಾಯಿಯ ಸೈಕಲ್ಲಿನ ಮೇಲೆ ಗಿರಣಿ ಕಾರ್ಮಿಕನಿಗೆ ಉಳಿದದ್ದು 350 ರೂಪಾಯಿ. ಟಂಟಂ ಜಾತಿಯ ಮೂರು ಗಾಲಿಯ ಗಾಡಿಗೆ 28ರಿಂದ 18. ಸೈಕಲ್ಲು, ಟ್ರ್ಯಾಕ್ಟರು, ಟಂಟಂಗಳ ತೆರಿಗೆ ಇಳಿಸಿದ್ದನ್ನು ನಾವು ಮನಸಾರೆ ಸ್ವಾಗತಿಸುತ್ತೇವೆ. ಆದರೆ ಬಡವನ ಟಂಟಂಗೂ ನೂರಕ್ಕೆ ಹತ್ತು, ಧನಿಕನ ವಿಲಾಸದ ಕಾರಿಗೂ ನೂರಕ್ಕೆ ಹತ್ತು! ಇದು ಯಾವ ಊರಿನ ಸಮಾನತೆ?

ಹಳೆಯ ಸೆಸ್ಸಿನ ನಿಯಮದಲ್ಲಿ ಎಸ್‌ಯುವಿ ಯಾವುದು ಎಂದು ಗುರುತಿಸಲು ಕಾರಿನ ತಳ ನೆಲದಿಂದ 170 ಮಿಲಿಮೀಟರ್ ಅಥವಾ ಹೆಚ್ಚು ಎತ್ತರವಿರಬೇಕೆಂಬ ಅಳತೆಯಿತ್ತು. ಕಾರಿನ ತಳಕ್ಕೆ ಪಟ್ಟಿ ಹಿಡಿದು ಅಳೆದ ಸರಕಾರಕ್ಕೆ ಹೊಲದ ದಾರಿಯ ತಗ್ಗಿನ ಆಳ ಅಳೆಯಲು ಆ ಪಟ್ಟಿ ಏಕೆ ಸಿಗಲಿಲ್ಲ? 1963ರಲ್ಲಿ ಡಾ. ರಾಮಮನೋಹರ ಲೋಹಿಯಾ ಅವರು ಲೋಕಸಭೆಯಲ್ಲಿ ನಿಂತು, ಈ ದೇಶದ ಕೋಟ್ಯಂತರ ಬಡವರ ದಿನದ ಆದಾಯ ಮೂರೇ ಆಣೆ ಎಂದು ಹೇಳಿ, ಅದನ್ನು ಪ್ರಧಾನಿಯ ಮೇಲಾಗುವ ದಿನದ ಖರ್ಚಿನ ಪಕ್ಕಕ್ಕಿಟ್ಟು ಆಳುವವರ ನಿದ್ದೆ ಕೆಡಿಸಿದರು. ಲೆಕ್ಕವನ್ನು ಹಾಗೆ ಪಕ್ಕಪಕ್ಕಕ್ಕಿಟ್ಟು ನೋಡುವುದನ್ನು ನಾವು ಅವರಿಂದ ಕಲಿತಿದ್ದೇವೆ. 10 ಲಕ್ಷದ ಪಕ್ಕದಲ್ಲಿ 350ನ್ನು ಇಟ್ಟಿದ್ದೇವೆ. ಓದುಗರೇ ತೀರ್ಪು ಕೊಡಲಿ.

“ಅವರ ಹಣ, ಅವರ ಗಾಡಿ, ನಿಮಗೇಕೆ ಹೊಟ್ಟೆಕಿಚ್ಚು?” ಎಂದು ಕೇಳುವವರಿದ್ದಾರೆ. ಹಣ ಅವರದಿರಬಹುದು, ಗುಡ್ಡ ಅವರದಲ್ಲ. 2011ರಲ್ಲಿ ಮುಂಡರಗಿ ತಾಲೂಕಿನ ಹಳ್ಳಿಗುಡಿಯ ಬಳಿ ಪೋಸ್ಕೊ ಉಕ್ಕಿನ ಕಾರ್ಖಾನೆ ಬರುವುದೆಂದಾಗ, ಗದಗ ತೋಂಟದಾರ್ಯ ಮಠದ ಲಿಂಗೈಕ್ಯ ಡಾ. ಸಿದ್ಧಲಿಂಗ ಸ್ವಾಮಿಗಳ ಮುಂದಾಳುತನದಲ್ಲಿ ಜನ ಬೀದಿಗಿಳಿದು ತಡೆದರು. 2015ರಲ್ಲಿ ಕಪ್ಪತಗುಡ್ಡಕ್ಕೆ ಸಂರಕ್ಷಿತ ಪ್ರದೇಶದ ಪಟ್ಟ ಸಿಕ್ಕಿತು, 2016ರಲ್ಲಿ ಸರಕಾರವೇ ಅದನ್ನು ಕಿತ್ತುಕೊಂಡಿತು, ಜನ ಮತ್ತೆ ಹೋರಾಡಿ 2017ರಲ್ಲಿ ಮರಳಿ ಪಡೆದರು. 2019ರಲ್ಲಿ ಸುಮಾರು 244 ಚದರ ಕಿಲೋಮೀಟರು ವನ್ಯಜೀವಿಧಾಮವಾಯಿತು. ತೋಳ, ಕತ್ತೆಕಿರುಬ, ಕೊಂಡಕುರಿಗಳು ಅಲ್ಲಿ ಉಳಿದಿವೆ. ಔಷಧಿಯ ಗಿಡಮೂಲಿಕೆಗಳು ಉಳಿದಿವೆ. ಗಣಿಯ ಧಣಿಗಳಿಂದ ಜನ ಉಳಿಸಿಕೊಂಡ ಗುಡ್ಡ ಇದು. ಅಂದು ಏರು ಹತ್ತಿದ ಮಹಾಶಯರು ಆ ಏರು ಊರ ದಾರಿಯೋ ವನ್ಯಜೀವಿಧಾಮದ ಗಡಿಯ ಒಳಗಿನದೋ ಎಂದು ಯಾರನ್ನೂ ಕೇಳಲಿಲ್ಲ. ಹುಲ್ಲಿನ ಇಳಿಜಾರಿನಲ್ಲಿ ಎರಡೂವರೆ ಟನ್ನಿನ ಗಾಡಿ ಒಮ್ಮೆ ಗೀರು ಹಾಕಿದರೆ ಮುಂದಿನ ಮಳೆಗೆ ಆ ಗೀರೇ ಕೊರಕಲು, ಅದರ ಮುಂದಿನ ಮಳೆಗೆ ಹಳ್ಳ. ಕೊಚ್ಚಿ ಬಂದ ಮಣ್ಣು ತುಂಬುವುದು ಕೆಳಗಿನ ಊರುಗಳ ಕೆರೆಗಳಲ್ಲಿ.

“ಇಂಥ ಕಾರುಗಳಿಂದ ಕಾರ್ಮಿಕರಿಗೆ ಕೆಲಸ ಸಿಗುವುದಿಲ್ಲವೇ?” ಎಂಬ ಪ್ರಶ್ನೆಗೂ ಉತ್ತರವಿದೆ. ಕಾರ್ಮಿಕನ ಕೈ ಬಸ್ಸನ್ನೂ ಕಟ್ಟಬಲ್ಲದು, ಟ್ರ್ಯಾಕ್ಟರನ್ನೂ ಕಟ್ಟಬಲ್ಲದು. ಏನನ್ನು ಮೊದಲು ಕಟ್ಟಬೇಕೆಂದು ನಿರ್ಧರಿಸುವ ಅಧಿಕಾರ ಅವನ ಕೈಯಲ್ಲಿಲ್ಲ, ಅಷ್ಟೇ.

ಆದ್ದರಿಂದ ನಮ್ಮ ಬೇಡಿಕೆಗಳು ಸ್ಪಷ್ಟ. ಒಂದು, ವಿಲಾಸದ ಕಾರುಗಳಿಗೆ ಇಳಿಸಿದ ಹತ್ತನ್ನು ಮತ್ತೆ ಏರಿಸಬೇಕು, ಹಾಗೆ ಬಂದ ಹಣ ಹೊಲದ ದಾರಿಗಳ ಗರಸಿಗೆ, ಕಲ್ಲಿಗೆ, ಸೇತುವೆಗೆ ಮೀಸಲಾಗಬೇಕು. ಎರಡು, 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯನ್ನು ಕುರಿಗಾಹಿಯ ಮೇಲೆ ಹೇಗೋ ಹಾಗೆಯೇ ಕೋಟಿಯ ಕಾರಿನ ಮೇಲೂ ನಡೆಸಬೇಕು. ಕಟ್ಟಿಗೆ ಆರಿಸುವ ಮುದುಕಿಗೆ ದಂಡ, ಗುಡ್ಡ ಗೀರುವ ಧನಿಕನಿಗೆ ಸಲಾಮು ಎಂಬಂತೆ ಆಗಕೂಡದು. ಮೂರು, ಗುಡ್ಡ ನೋಡಬಂದವರಿಗೆ ಡೋಣಿಯಿಂದ ಊರವರದೇ ಗಾಡಿಗಳು, ಗೊತ್ತುಮಾಡಿದ ದಾರಿ, ನಿಗದಿಯಾದ ಬಾಡಿಗೆ ಇರಬೇಕು.

ಕಾರಿನ ಸಾಮರ್ಥ್ಯವನ್ನು ಅದು ಎಂಥ ಕೆಟ್ಟ ನೆಲ ದಾಟಿತು ಎಂಬುದರಿಂದ ಅಳೆಯುತ್ತಾರೆ. ಸರಕಾರದ ಸಾಮರ್ಥ್ಯವನ್ನು ಅಂಥ ನೆಲ ಬಡವನ ಪಾಲಿಗೆ ಎಷ್ಟು ಕಡಿಮೆ ಉಳಿಯಿತು ಎಂಬುದರಿಂದ ಅಳೆಯಬೇಕು. ಆ ಪರೀಕ್ಷೆಯಲ್ಲಿ ಹೂತುಕೊಂಡಿರುವ ಗಾಡಿಯನ್ನು ಎಳೆದು ಮೇಲೆ ತರಲು ಯಾವ ಟ್ರ್ಯಾಕ್ಟರೂ ಬರುವುದಿಲ್ಲ. ಗಿರಣಿಯ ಕೈ, ಅಂಗಡಿಯ ಕೈ, ಹೊಲದ ಕೈ ಕೂಡಿಯೇ ಹಗ್ಗ ಹಿಡಿಯಬೇಕು.